ಜನವರಿ ಒಂದಕ್ಕೆ ಬಿಡುಗಡೆಯಾಗುವ ಪುಸ್ತಕಗಳು

2024ರ ಜನವರಿ 1 ಕನ್ನಡದ ಓದುಗರ ಪಾಲಿಗೆ ಸಣ್ಣ ದಿನವೇನೂ ಆಗಿರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಮತ್ತು ಕಾದಂಬರಿಗಾರ್ತಿ ತ್ರಿವೇಣಿ, ಇಬ್ಬರೂ 1963ರಲ್ಲಿ ತೀರಿಕೊಂಡವರು. ಅವರು ಬದುಕಿದ್ದಾಗ ಅಚ್ಚು ಹಾಕಿಸಿದ ಬರಹಗಳ ಮೇಲಿನ ಕಾಪಿರೈಟು ಹಿಂದಿನ ರಾತ್ರಿ ಹನ್ನೆರಡಕ್ಕೆ ಮುಗಿಯಿತು. ಮರುವರ್ಷ ಅದೇ ದಿನ ಆಲೂರು ವೆಂಕಟರಾಯರ, ಫ. ಗು. ಹಳಕಟ್ಟಿಯವರ ಸರದಿ; ಅವರಿಬ್ಬರೂ ಹೋದದ್ದು 1964ರಲ್ಲಿ. ಇನ್ನು ಇವರ ಪುಸ್ತಕಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಟೈಪು ಮಾಡಿ ಜಾಲಕ್ಕೆ ಏರಿಸಬಹುದು, ಓದಿ ಧ್ವನಿಮುದ್ರಿಸಬಹುದು, ತುಳುವಿಗೋ ತಮಿಳಿಗೋ ತರಬಹುದು, ಮಾರಿ ದುಡ್ಡೂ ಮಾಡಿಕೊಳ್ಳಬಹುದು. ಯಾರ ಅಪ್ಪಣೆಯೂ ಬೇಡ.

ಅಪ್ಪಣೆ ಬೇಡ, ಸರಿ. ಪುಸ್ತಕ ಸಿಗಬೇಕಲ್ಲ? ಸಿಕ್ಕರೂ ಅದರೊಳಗೆ ಒಂದು ಪದ ಹುಡುಕಿದರೆ ಸಿಗಬೇಕಲ್ಲ? ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳಬೇಕಲ್ಲ? ಮುಕ್ತ ಜ್ಞಾನದ ಮಾತು ಬಂದಾಗಲೆಲ್ಲ ನಾವು ಕಾನೂನಿನ ಕಡೆ ಬೆರಳು ತೋರಿಸುತ್ತೇವೆ. ಕನ್ನಡದ ಮಟ್ಟಿಗೆ ಕಾನೂನಿನ ಬೀಗ ವರ್ಷಕ್ಕೊಮ್ಮೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳದೆ ಉಳಿದಿರುವುದು ನಾವೇ ಜಡಿದ ಬೀಗಗಳು: ಕೆಟ್ಟ ಸ್ಕ್ಯಾನು, ಹುಡುಕಲು ಬಾರದ ಅಕ್ಷರ, ಅಡ್ಡಾದಿಡ್ಡಿ ಹೆಸರು, ಮತ್ತು ಯಾರದೂ ಅಲ್ಲದ್ದನ್ನು ತನ್ನದೆನ್ನುವ ಕಚೇರಿ. ಒಂದೊಂದಾಗಿ ನೋಡೋಣ. ಕಾನೂನನ್ನು ಸಸಾರ ಮಾಡುವಂತಿಲ್ಲ, ಹಾಗಾಗಿ ಮೊದಲು ಅದೇ.

ಲೆಕ್ಕ

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ 22ನೇ ಕಲಮಿನ ಪ್ರಕಾರ ಲೇಖಕರ ಜೀವಿತಾವಧಿ, ಅದರ ಮೇಲೆ 60 ವರ್ಷ. ಆದರೆ ಎಣಿಕೆ ಸತ್ತ ದಿನದಿಂದ ಶುರುವಾಗುವುದಿಲ್ಲ. ಸತ್ತ ವರ್ಷದ ಮರುವರ್ಷದ ಮೊದಲ ದಿನದಿಂದ. ಹೀಗಾಗಿ ಜನವರಿಯಲ್ಲಿ ಹೋದವರಿಗೂ ಡಿಸೆಂಬರಿನಲ್ಲಿ ಹೋದವರಿಗೂ ಬಿಡುಗಡೆ ಒಂದೇ ದಿನ. ಸುಲಭದ ಸೂತ್ರ ಬೇಕಿದ್ದರೆ, ತೀರಿಕೊಂಡ ಇಸವಿಗೆ 61 ಕೂಡಿಸಿ, ಆ ವರ್ಷದ ಜನವರಿ 1. ಅ.ನ.ಕೃ. 1971, ಆದ್ದರಿಂದ 2032. ಡಿ.ವಿ.ಜಿ. 1975, ಆದ್ದರಿಂದ 2036. ಬೇಂದ್ರೆಯವರಿಗೆ 2042, ಮಾಸ್ತಿಯವರಿಗೆ 2047, ಕುವೆಂಪು ಅವರಿಗೆ 2055, ಕಾರಂತರಿಗೆ 2058.

ಈ 60 ಮೊದಲು 50 ಆಗಿತ್ತು. ರವೀಂದ್ರನಾಥ ಟಾಗೋರರು ತೀರಿಕೊಂಡದ್ದು 1941ರಲ್ಲಿ; 1991ರ ಕೊನೆಗೆ ಅವರ ಕೃತಿಗಳ ಮೇಲೆ ಅವರೇ ಕಟ್ಟಿದ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕಿದ್ದ ಹಕ್ಕು ಮುಗಿಯಬೇಕಿತ್ತು. ಆ ಡಿಸೆಂಬರಿನಲ್ಲೇ ಸುಗ್ರೀವಾಜ್ಞೆ ಬಂತು, 1992ರಲ್ಲಿ ತಿದ್ದುಪಡಿ ಕಾಯ್ದೆಯಾಯಿತು, ಇಡೀ ದೇಶದ ಎಲ್ಲ ಲೇಖಕರಿಗೂ ಹತ್ತು ವರ್ಷ ಹೆಚ್ಚಿತು. ಒಬ್ಬ ಕವಿಯ ಸಲುವಾಗಿ ಎಲ್ಲ ಭಾಷೆಗಳ ಓದುಗರೂ ಹತ್ತು ವರ್ಷ ಕಾದರು. ಕನ್ನಡದಲ್ಲಿ ಯಾರಿಗಾದರೂ ಇದರಿಂದ ಹತ್ತು ಪೈಸೆ ಗೌರವಧನ ಹೆಚ್ಚು ಸಿಕ್ಕಿತೇ ಎಂಬುದು ಕೇಳಬೇಕಾದ ಪ್ರಶ್ನೆ. ಅಂಗಡಿಯಲ್ಲೇ ಇಲ್ಲದ ಪುಸ್ತಕಕ್ಕೆ ಗೌರವಧನ ಎಲ್ಲಿಂದ ಬಂದೀತು?

ತಿದ್ದುಪಡಿ ಮುಗಿದುಹೋದ ಹಕ್ಕಿಗೆ ಮರುಜೀವ ಕೊಡಲಿಲ್ಲ. 1940 ಅಥವಾ ಅದಕ್ಕೂ ಮೊದಲು ತೀರಿಕೊಂಡವರು, ಅಂದರೆ 1937ರಲ್ಲಿ ಹೋದ ಪಂಜೆ ಮಂಗೇಶರಾಯರು, 1939ರಲ್ಲಿ ಹೋದ ಕೊಡಗಿನ ಗೌರಮ್ಮ, ಹಳೆಯ 50ರ ಲೆಕ್ಕದಲ್ಲೇ ಮುಕ್ತರಾಗಿದ್ದರು. 1940 ಎಂಬ ಈ ಗೆರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅಮೆರಿಕದ ವಿಚಾರ ಬಂದಾಗ ಬೇಕಾಗುತ್ತದೆ.

ಸೂತ್ರ ಸರಳ, ಎಡವುವುದು ಅದರ ಅಂಚಿನಲ್ಲಿ. ಲೇಖಕರು ಸತ್ತ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ 60 ವರ್ಷ ಎಣಿಸುವುದು ಪ್ರಕಟಣೆಯ ವರ್ಷದಿಂದ. ಆದ್ದರಿಂದ ಒಬ್ಬರದೇ ಬರಹಗಳಲ್ಲಿ ಕೆಲವು ಮುಕ್ತ, ಪೆಟ್ಟಿಗೆಯಲ್ಲಿ ಸಿಕ್ಕಿ ಆಮೇಲೆ ಅಚ್ಚಾದ ಪತ್ರಗಳು ಮುಕ್ತವಲ್ಲ ಎಂಬ ಸ್ಥಿತಿ ಬರುತ್ತದೆ. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕು. ಕಾವ್ಯನಾಮದ ಹಿಂದಿನ ಮನುಷ್ಯ ಯಾರೆಂದು ಗೊತ್ತೇ ಆಗದಿದ್ದರೆ ಪ್ರಕಟಣೆಯಿಂದ 60; ಆ ಅವಧಿಯೊಳಗೆ ಗುರುತು ಬಯಲಾದರೆ ಮತ್ತೆ ಸಾವಿನ ಲೆಕ್ಕ. ಅನುವಾದಕ್ಕೆ ಅದರದೇ ಹಕ್ಕು: ಮೂಲ ಲೇಖಕರು ಸತ್ತು ನೂರು ವರ್ಷವಾಗಿದ್ದರೂ ಅನುವಾದಕರು 1990ರಲ್ಲಿ ಹೋಗಿದ್ದರೆ ಆ ಕನ್ನಡ ಪಠ್ಯ 2051ರವರೆಗೆ ಕಾಯಬೇಕು. ಫೋಟೋಗಳಿಗೆ 2012ರವರೆಗೆ ಪ್ರಕಟಣೆಯ ಲೆಕ್ಕವಿತ್ತು, ಈಗ ಅಲ್ಲೂ ಛಾಯಾಗ್ರಾಹಕರ ಸಾವಿನ ಲೆಕ್ಕ. ಹಳೆಯ ಪುಸ್ತಕದ ಮುಖಪುಟ, ಒಳಚಿತ್ರ ಬೇರೆಯವರದಾಗಿದ್ದರೆ ಅದನ್ನು ಮುಚ್ಚಿ ಏರಿಸುವುದೇ ಕ್ಷೇಮ.

ಹಳಗನ್ನಡದ್ದು ಇನ್ನೊಂದು ಬಗೆಯ ತೊಡಕು. ಪಂಪ, ರನ್ನರ ಕಾವ್ಯಕ್ಕಾಗಲಿ ಬಸವಣ್ಣನ ವಚನಕ್ಕಾಗಲಿ ಒಡೆಯರಿಲ್ಲ. ಆದರೆ ಕೈಗೆ ಸಿಗುವುದು ಒಬ್ಬ ಸಂಪಾದಕರ ಆವೃತ್ತಿ. ಅದರ ಪೀಠಿಕೆ, ಗದ್ಯಾನುವಾದ, ಟಿಪ್ಪಣಿ, ಶಬ್ದಾರ್ಥ ಎಲ್ಲವೂ ಸಂಪಾದಕರದು. ಮೂಲಪದ್ಯ ಮಾತ್ರ ಎತ್ತಿಕೊಂಡರೆ? ಸುಪ್ರೀಂ ಕೋರ್ಟು 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಬರೀ ಶ್ರಮ ಸಾಲದು, ಅಲ್ಪಸ್ವಲ್ಪವಾದರೂ ಸೃಜನಶೀಲತೆ ಇರಬೇಕು ಎಂದಿತು. ನಾಲ್ಕು ಓಲೆಪ್ರತಿ ಹೋಲಿಸಿ ಪಾಠ ನಿರ್ಣಯಿಸುವುದು ಬರೀ ಶ್ರಮವಲ್ಲ ಎಂದು ಸಂಪಾದಕರು ವಾದಿಸಬಲ್ಲರು, ಆ ವಾದದಲ್ಲಿ ತಿರುಳಿದೆ. ಜಗಳವೇ ಬೇಡವೆಂದರೆ ಸಂಪಾದಕರ ಹಕ್ಕೂ ಮುಗಿದ ಹಳೆಯ ಆವೃತ್ತಿ ಹಿಡಿಯಬೇಕು. ಹಳಕಟ್ಟಿಯವರ ವಚನ ಸಂಪಾದನೆಗಳು 2025ರಲ್ಲಿ ಮುಕ್ತವಾದದ್ದಕ್ಕೆ ಬೆಲೆ ಇರುವುದು ಇಲ್ಲಿ.

ಇನ್ನು ಇಸವಿ ಓದುವ ಕೆಲಸ. ಹಳೆಯ ಕನ್ನಡ ಪುಸ್ತಕದ ಮುದ್ರಣ ವಿವರದ ಪುಟದಲ್ಲಿ ಇಂಗ್ಲಿಷ್ ಇಸವಿ ಇರಲೇಬೇಕೆಂದಿಲ್ಲ. ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿದರಾಯಿತು, ಯುಗಾದಿಯ ಆಚೀಚೆ ಒಂದು ವರ್ಷ ಹೆಚ್ಚುಕಡಿಮೆ. ಬರೀ ಸಂವತ್ಸರದ ಹೆಸರಿದ್ದರೆ ಜೋಕೆ. ಪ್ರಭವ 1867ಕ್ಕೂ ಬರುತ್ತದೆ, 1927ಕ್ಕೂ ಬರುತ್ತದೆ, 1987ಕ್ಕೂ ಬರುತ್ತದೆ. ಒಂದು ಸುತ್ತು ತಪ್ಪಿದರೆ ಸರಿಯಾಗಿ 60 ವರ್ಷದ ತಪ್ಪು, ಅಂದರೆ ಕಾಪಿರೈಟಿನ ಅಷ್ಟೂ ಅವಧಿ ಕೈತಪ್ಪಿದ ಹಾಗೆ! ಕಾಗದ, ಅಚ್ಚುಕೂಟದ ವಿಳಾಸ, ಬೆಲೆ ರೂಪಾಯಿ-ಆಣೆಯಲ್ಲಿದೆಯೋ ನಯೆಪೈಸೆಯಲ್ಲಿದೆಯೋ ನೋಡಿ ಸುತ್ತನ್ನು ಗಟ್ಟಿಮಾಡಿಕೊಳ್ಳಬೇಕು. ದಶಮಾಂಶ ನಾಣ್ಯ ಬಂದದ್ದು 1957ರಲ್ಲಿ.

ಅದೇ ಪುಟದಲ್ಲಿ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂದಿದ್ದರೆ ಹೆದರಬೇಕಿಲ್ಲ. 2010ರ ಮರುಮುದ್ರಣದಲ್ಲಿ ಪ್ರಕಾಶಕರು ಏನೇ ಅಚ್ಚು ಹಾಕಿಸಿಕೊಂಡರೂ ಮುಗಿದ ಹಕ್ಕು ವಾಪಸು ಬರುವುದಿಲ್ಲ. ಹೊಸ ಮುನ್ನುಡಿ ಮಾತ್ರ ಬರೆದವರದು. ಹಕ್ಕು ಇನ್ನೂ ಇರುವ ಪುಸ್ತಕದಲ್ಲೂ ಅದು ಪ್ರಕಾಶಕರ ಕೈಯಲ್ಲಿದೆ ಎಂದು ಊಹಿಸಬೇಡಿ. 19ನೇ ಕಲಮಿನ ಪ್ರಕಾರ ಹಕ್ಕು ಬರೆದುಕೊಟ್ಟ ಕರಾರಿನಲ್ಲಿ ಅವಧಿ ಹೇಳದಿದ್ದರೆ ಅದು ಐದೇ ವರ್ಷ. ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. ಈ ಅನುಕೂಲ 1994ರ ತಿದ್ದುಪಡಿ ಜಾರಿಯಾದ ನಂತರದ, ಅಂದರೆ 1995ರ ಮೇ ತಿಂಗಳಿಂದೀಚಿನ ಕರಾರುಗಳಿಗೆ ಮಾತ್ರ. ‘ನಮ್ಮ ಪ್ರಕಾಶಕರು ಬಿಡುವುದಿಲ್ಲ’ ಎನ್ನುವ ಎಷ್ಟೋ ಲೇಖಕರ ಹಕ್ಕು ಅವರ ಮನೆಗೇ ಮರಳಿ ಬಂದಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ.

ಈಗ ಅಮೆರಿಕ. ಹಳೆಯ ಪುಸ್ತಕಗಳ ಸ್ಕ್ಯಾನುಗಳನ್ನು ಉಚಿತವಾಗಿ ಓದಲು ಕೊಡುವ ಇಂಟರ್ನೆಟ್ ಆರ್ಕೈವ್, ಮುಕ್ತ ಪುಸ್ತಕಗಳನ್ನು ಸ್ವಯಂಸೇವಕರು ಪಠ್ಯ ಮಾಡಿಡುವ ವಿಕಿಸೋರ್ಸ್, ಎರಡರ ಮನೆಯೂ ಅಲ್ಲಿ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಜೀವಂತವಾಗಿದ್ದ ಕೃತಿಗೆ ಅಮೆರಿಕದ ಕಾನೂನು ಪ್ರಕಟಣೆಯಿಂದ 95 ವರ್ಷ ಕೊಡುತ್ತದೆ. ಮೇಲೆ ಹೇಳಿದ ಗೆರೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಲೇಖಕರು 1940ರೊಳಗೆ ಹೋಗಿದ್ದು, ಕೃತಿ ಅವರ ಕಾಲದಲ್ಲೇ ಪ್ರಕಟವಾಗಿದ್ದರೆ ಎರಡೂ ಕಡೆ ಮುಕ್ತ. 1941ರಲ್ಲಿ ಅಥವಾ ಆಮೇಲೆ ಹೋಗಿದ್ದರೆ ಪ್ರಕಟಣೆಯ ಇಸವಿಗೆ 96 ಕೂಡಿಸಿ. 1963ರಲ್ಲಿ ತೀರಿಕೊಂಡ ಲೇಖಕರ 1945ರ ಪುಸ್ತಕ ಇಲ್ಲಿ 2024ಕ್ಕೇ ಮುಕ್ತ, ಅಲ್ಲಿ 2041ಕ್ಕೆ. ವಿಕಿಸೋರ್ಸ್‌ನ ಸ್ಕ್ಯಾನು, ಚಿತ್ರಗಳ ಉಗ್ರಾಣವಾದ ವಿಕಿಮೀಡಿಯಾ ಕಾಮನ್ಸ್‌ಗೆ ಏರಿಸಿದ ಕನ್ನಡ ಪುಸ್ತಕ ‘ಭಾರತದಲ್ಲಿ ಮುಕ್ತ’ವಾಗಿದ್ದೂ ಅಳಿಸಿಹೋಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಸಾಗರಕ್ಕೂ ಸಿರ್ಸಿಗೂ ಸಂಬಂಧಪಟ್ಟ ಪುಸ್ತಕದ ಹಣೆಬರಹವನ್ನು ಅಮೆರಿಕದ ಸರ್ವರು ಬರೆಯುವುದು ತಮಾಷೆಯಲ್ಲ. ಇದಕ್ಕೆ ಮದ್ದು ಒಂದೇ: ಒಂದು ಪ್ರತಿ ಇಲ್ಲಿನ ಸರ್ವರಿನಲ್ಲೂ ಇರಬೇಕು. ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ಖರ್ಚಲ್ಲ.

ಹೆದರಿಕೆ

ಗ್ರಂಥಾಲಯದವರನ್ನು ಕೇಳಿದರೆ ‘ಕಾಪಿರೈಟ್ ಪ್ರಾಬ್ಲಂ ಆಗುತ್ತೆ’ ಎಂಬ ಉತ್ತರ ತಯಾರಿರುತ್ತದೆ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ. 63ನೇ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಇದೆ. 2022ರಲ್ಲಿ ಸುಪ್ರೀಂ ಕೋರ್ಟು ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಎಂದಿತು. ಕರ್ನಾಟಕವಂತೂ 2014ರಲ್ಲಿ ಗೂಂಡಾ ಕಾಯ್ದೆಗೇ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಗಳನ್ನು ಅದರೊಳಗೆ ಸೇರಿಸಿತು. ಸಿನಿಮಾ ಪೈರಸಿಯವರನ್ನು ಹಿಡಿಯಲು ಬೀಸಿದ ಬಲೆ ಇದು. ಹಳೆ ಪುಸ್ತಕ ಸ್ಕ್ಯಾನು ಮಾಡುವವನ ಕಾಲಿಗೂ ತೊಡರೀತೆಂಬ ಅಂಜಿಕೆ ಉಳಿದೇ ಉಳಿಯುತ್ತದೆ.

ಅದೇ ಕಾಯ್ದೆಯ 52ನೇ ಕಲಮು ಓದಿದವರು ಕಡಿಮೆ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪುಸ್ತಕದ ಡಿಜಿಟಲ್ ಪ್ರತಿಯನ್ನು ಸಂರಕ್ಷಣೆಗಾಗಿ ಇಟ್ಟುಕೊಳ್ಳಬಹುದು, ಹಕ್ಕು ಮುಗಿದಿರಲಿ ಬಿಡಲಿ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ತನ್ನ ಬಳಕೆಗೆ ಮಾಡಿಕೊಳ್ಳಬಹುದು. ಅಂಗವಿಕಲರಿಗೆ ಓದಲು ಒಗ್ಗುವ ರೂಪಕ್ಕೆ, ಅಂದರೆ ಬ್ರೈಲ್‌ಗೆ, ಧ್ವನಿಗೆ, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಸಂಕೇತದ ಪಠ್ಯಕ್ಕೆ ಲಾಭವಿಲ್ಲದೆ ಬದಲಿಸಿಕೊಡಬಹುದು. ಎಲ್ಲವೂ ಕರಾರುವಾಕ್ಕಾಗಿ ಬರೆದಿಟ್ಟದ್ದು. ‘ಜಾಲದಲ್ಲಿ ಊರಿಗೆಲ್ಲ ಹಂಚು’ ಎಂದು ಅದರಲ್ಲಿಲ್ಲ, ಒಪ್ಪೋಣ. ಆದರೆ ಈಗ ಸ್ಕ್ಯಾನು ಮಾಡಿ ಇಟ್ಟರೆ ಹಕ್ಕು ಮುಗಿದ ದಿನ ಬಾಗಿಲು ತೆರೆದರಾಯಿತು. ಮುಗಿಯುವವರೆಗೆ ಕಾದು ಆಮೇಲೆ ಸ್ಕ್ಯಾನಿಗೆ ಹೊರಟರೆ ಅಷ್ಟರಲ್ಲಿ ಗೆದ್ದಲು ತನ್ನ ಪಾಲು ಓದಿ ಮುಗಿಸಿರುತ್ತದೆ.

ತಕರಾರು ಬಂದರೆ? ಭಾರತದ ಜಾಲತಾಣಕ್ಕೆ 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮ ಅನ್ವಯಿಸುತ್ತದೆ. ದೂರುದಾರರು ಕೃತಿ ಯಾವುದು, ತಾವೇ ಒಡೆಯರೆಂಬುದಕ್ಕೆ ಆಧಾರವೇನು, ಪ್ರತಿ ಯಾವ ವಿಳಾಸದಲ್ಲಿದೆ ಎಂದು ಲಿಖಿತವಾಗಿ ಕೊಡಬೇಕು. ನ್ಯಾಯಾಲಯಕ್ಕೆ ಹೋಗಿ 21 ದಿನದೊಳಗೆ ಆದೇಶ ತರುತ್ತೇನೆಂಬ ಮುಚ್ಚಳಿಕೆಯೂ ಬೇಕು. ತಾಣದವರು 36 ಗಂಟೆಯೊಳಗೆ ಪುಟ ತಡೆಹಿಡಿಯಬೇಕು. 21 ದಿನದಲ್ಲಿ ಆದೇಶ ಬರದಿದ್ದರೆ ಮತ್ತೆ ಹಾಕಬಹುದು. ಬಹಳ ಮಂದಿ ಇಲ್ಲೇ ಸೋಲುವುದು: ಫೋನಿನಲ್ಲಿ ಯಾರೋ ಗದರಿಸಿದರೆಂದು ಪುಸ್ತಕ ತೆಗೆದುಬಿಡುತ್ತಾರೆ, 22ನೇ ದಿನ ಕ್ಯಾಲೆಂಡರು ನೋಡುವುದನ್ನು ಮರೆಯುತ್ತಾರೆ. ನೋಟಿಸು ಬಂದ ದಿನಾಂಕವನ್ನು ದಪ್ಪಕ್ಷರದಲ್ಲಿ ಬರೆದಿಡಿ. ಲೇಖಕರು ಸತ್ತ ವರ್ಷಕ್ಕೆ ಆಧಾರವಾದ ಪತ್ರಿಕೆಯ ಸುದ್ದಿಯನ್ನೋ ಸ್ಮರಣ ಸಂಚಿಕೆಯ ಪುಟವನ್ನೋ ಪುಸ್ತಕದ ಕಡತದಲ್ಲೇ ಇಡಿ. ಆಧಾರ ಕೈಯಲ್ಲಿದ್ದರೆ ಗದರಿಕೆ ಅರ್ಧ ಇಳಿಯುತ್ತದೆ.

ವಾರಸುದಾರರೇ ಪತ್ತೆಯಿಲ್ಲದ ‘ಅನಾಥ’ ಪುಸ್ತಕಗಳಿಗೆ 31ಎ ಕಲಮು ದಾರಿ ತೋರಿಸುತ್ತದೆ, ಹೆಸರಿಗೆ. ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಅರ್ಜಿ ಹಾಕಬೇಕು, ಗೌರವಧನ ಠೇವಣಿ ಇಡಬೇಕು. ಅರ್ಜಿ ಕೇಳಬೇಕಿದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಮೇಲೆ ನ್ಯಾಯಾಲಯಕ್ಕೇ ಹೋಗಬೇಕು. 300 ಪ್ರತಿ ಖರ್ಚಾಗದ ಕವನ ಸಂಕಲನಕ್ಕೆ ಯಾರು ಈ ಉಸಾಬರಿ ಮಾಡಿಯಾರು? ಕನ್ನಡದಲ್ಲಿ ನಿಜವಾಗಿ ಕಳೆದುಹೋಗುತ್ತಿರುವುದು ಇವೇ ಪುಸ್ತಕಗಳು. ದೊಡ್ಡವರ ಪುಸ್ತಕಗಳಿಗೆ ಹೇಗೂ ಮರುಮುದ್ರಣದ ಭಾಗ್ಯ ಇದ್ದೇ ಇದೆ.

ಸ್ಕ್ಯಾನು, ಅಕ್ಷರ, ಹೆಸರು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು (ಐಐಎಸ್ಸಿ) ಕೇಂದ್ರವಾಗಿಟ್ಟುಕೊಂಡು 2000ದ ಆಸುಪಾಸಿನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಶುರುವಾಯಿತು. ಸರ್ಕಾರದ ದುಡ್ಡು, ಲಕ್ಷಾಂತರ ಪುಸ್ತಕ. ಕಾಪಿರೈಟಿನ ತಕರಾರುಗಳು ಬಂದು 2017ರ ಹೊತ್ತಿಗೆ ಆ ತಾಣ ಕಣ್ಮುಚ್ಚಿತು, ಮುಕ್ತ ಪುಸ್ತಕಗಳೂ ಅದರ ಜೊತೆಯಲ್ಲೇ ಹೋದವು. ಉಳಿದದ್ದು ಪಬ್ಲಿಕ್ ರಿಸೋರ್ಸ್ ಎಂಬ ಅಮೆರಿಕದ ಸಂಸ್ಥೆ ನಕಲು ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸಿದ್ದರಿಂದ. ಈ ಸಂಗ್ರಹದ ಕನ್ನಡ ಪುಸ್ತಕಗಳನ್ನು ತೆರೆದು ನೋಡಿದವರಿಗೆ ಏನೇನು ಕೆಡುತ್ತದೆಂಬುದಕ್ಕೆ ಬೇರೆ ಪಾಠ ಬೇಡ: ಓರೆಯಾದ ಪುಟ, ನಡುವೆ ಬಿಟ್ಟುಹೋದ ಎರಡು ಪುಟ, ಲೇಖಕರ ಜಾಗದಲ್ಲಿ ‘ನಾಟ್ ಅವೈಲಬಲ್’, ಶೀರ್ಷಿಕೆ ಅವರವರಿಗೆ ತೋಚಿದ ರೋಮನ್ ಕಾಗುಣಿತದಲ್ಲಿ. ದೀರ್ಘಕ್ಕೆ ಒಬ್ಬರು ಎರಡಕ್ಷರ ಹಾಕಿದರೆ ಇನ್ನೊಬ್ಬರು ಒಂದೇ. ಪುಸ್ತಕ ಇದೆ, ಇದೆಯೆಂದು ಗೊತ್ತಾಗುವುದಿಲ್ಲ. ನಂತರ ಬೆಂಗಳೂರಿನಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಹೆಸರಿನಲ್ಲಿ ಆರ್ಕೈವ್‌ಗೆ ಏರುತ್ತಿರುವ ಪುಸ್ತಕಗಳ ಪಕ್ಕ ಇವನ್ನಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಒಳ್ಳೆಯ ಸ್ಕ್ಯಾನಿಗೆ ದುಬಾರಿ ಯಂತ್ರಕ್ಕಿಂತ ತಾಳ್ಮೆ ಮುಖ್ಯ. ಪುಸ್ತಕದ ಬೆನ್ನು ಕತ್ತರಿಸಬೇಡಿ. ನೂರು ಡಿಗ್ರಿಯಷ್ಟು ಮಾತ್ರ ಬಿಡಿಸಿ ತೊಟ್ಟಿಲಿನಂಥ ಆಧಾರದಲ್ಲಿ ಮಲಗಿಸಿ, ಮೇಲೆ ಗಾಜು ಒತ್ತಿ. ಬೆಳಕು ಎರಡೂ ಬದಿಯಿಂದ ಓರೆಯಾಗಿ ಬೀಳಬೇಕು. ನೆತ್ತಿಯಿಂದ ಬಿದ್ದರೆ ಗಾಜು ಹೊಳೆಯುತ್ತದೆ. 300 ಡಿಪಿಐಗಿಂತ (ಇಂಚಿಗೆ 300 ಚುಕ್ಕಿ) ಕೆಳಗೆ ಬೇಡ, ಸವೆದ ಮೊಳೆಯ ಅಚ್ಚಾದರೆ 400. ಎಲ್ಲಕ್ಕಿಂತ ಮುಖ್ಯ, ಕಪ್ಪು-ಬಿಳಿ ಎರಡೇ ಬಣ್ಣದ ಮೋಡ್ ಬಳಸಬೇಡಿ. ಬೂದು ಛಾಯೆಯಲ್ಲಿ ತೆಗೆಯಿರಿ. ಕನ್ನಡಕ್ಕೆ ಇದು ಯಾಕೆ ಜೀವನ್ಮರಣದ ಪ್ರಶ್ನೆ ಅಂದರೆ ದ-ಧ, ಪ-ಫ, ಬ-ಭ, ಡ-ಢ ಇವುಗಳ ನಡುವಿನ ವ್ಯತ್ಯಾಸ ಅಕ್ಷರದ ಬುಡದಲ್ಲಿರುವ ಒಂದು ಸಣ್ಣ ಸೀಳು. ಎರಡೇ ಬಣ್ಣದಲ್ಲಿ ಶಾಯಿ ಹರಡಿದ ಕಡೆ ಆ ಸೀಳು ಮುಚ್ಚಿಹೋಗುತ್ತದೆ, ‘ಧನ’ ‘ದನ’ವಾಗುತ್ತದೆ. ತೆಳು ಅಚ್ಚಿನ ಕಡೆ ತಲೆಕಟ್ಟು ಮುರಿದು ಅಕ್ಷರವೇ ಬೇರೆಯಾಗುತ್ತದೆ.

ಕ್ರೌನ್ 1/8 ಆಕಾರದ ಒಂದು ಪುಟ ಸುಮಾರು 5 ಇಂಚು ಅಗಲ, 7.5 ಇಂಚು ಉದ್ದ. 300 ಡಿಪಿಐನಲ್ಲಿ 1500ಕ್ಕೆ 2250, ಅಂದರೆ 34 ಲಕ್ಷ ಚುಕ್ಕಿ; ಬೂದು ಛಾಯೆಯಲ್ಲಿ ಪುಟಕ್ಕೆ 3.4 ಎಂಬಿ. 200 ಪುಟಕ್ಕೆ 680 ಎಂಬಿ. ಇದನ್ನು ಮೂಲಪ್ರತಿಯಾಗಿ ಎರಡು ಕಡೆ ಇಡಿ. ಓದುಗರಿಗೆ ಕೊಡುವ ಪಿಡಿಎಫ್ 20-30 ಎಂಬಿ ದಾಟದಿರಲಿ, ಹಳ್ಳಿಯಲ್ಲಿ ಒಂದೂವರೆ ಜಿಬಿಯ ದಿನದ ಪ್ಯಾಕಿನಲ್ಲಿ ಇಳಿಸಿಕೊಳ್ಳುವವರು ಅವರು. ಎಷ್ಟೋ ಕಡೆ ಉಲ್ಟಾ ನಡೆಯುತ್ತದೆ: ಕುಗ್ಗಿಸಿದ ಪಿಡಿಎಫ್ ಮಾತ್ರ ಉಳಿಸಿ ಮೂಲವನ್ನು ಜಾಗ ಸಾಲದೆಂದು ಅಳಿಸುತ್ತಾರೆ. ಆಮೇಲೆ ಒಳ್ಳೆಯ ಓಸಿಆರ್, ಅಂದರೆ ಚಿತ್ರದ ಅಕ್ಷರಗಳನ್ನು ಓದಿ ಪಠ್ಯ ಮಾಡುವ ತಂತ್ರಾಂಶ, ಬಂದಾಗ ಅದಕ್ಕೆ ತಿನ್ನಿಸಲು ಏನೂ ಇರುವುದಿಲ್ಲ.

ಪುಟ ತಪ್ಪಿದೆಯೇ ಎಂದು ನೋಡಲು ಹಳೆಯ ಅಚ್ಚುಕೂಟದವರೇ ಒಂದು ಗುರುತು ಬಿಟ್ಟಿದ್ದಾರೆ. 16 ಪುಟಕ್ಕೆ ಒಂದು ಫಾರಂ. ಪ್ರತಿ ಫಾರಮಿನ ಮೊದಲ ಪುಟದ ಅಡಿಯಲ್ಲಿ ಸಣ್ಣ ಅಂಕಿ ಇರುತ್ತದೆ. 1, 17, 33, 49ನೇ ಪುಟಗಳಲ್ಲಿ ಅದು 1, 2, 3, 4 ಎಂದು ಬಂದರೆ ಯಾವ ಫಾರಮೂ ತಪ್ಪಿಲ್ಲ. ಖಾಲಿ ಪುಟಗಳನ್ನೂ ಬಿಡದೆ ತೆಗೆಯಬೇಕು, ಇಲ್ಲದಿದ್ದರೆ ಈ ಲೆಕ್ಕ ಕೂಡುವುದಿಲ್ಲ.

ಸ್ಕ್ಯಾನು ಬರೀ ಚಿತ್ರ. ಚಿತ್ರವನ್ನು ಪಠ್ಯ ಮಾಡಿದಾಗಲೇ ಪುಸ್ತಕಕ್ಕೆ ಬಾಯಿ ಬರುವುದು. ವಚನ ಸಂಚಯ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳೊಳಗೆ ‘ಕಾಯಕ’ ಎಂದು ಕೊಟ್ಟರೆ ಬಂದ ಜಾಗವೆಲ್ಲ ಎದುರಿಗೆ ನಿಲ್ಲುತ್ತದೆ. ಸ್ಕ್ಯಾನು ಮಾಡಿದ ಸಂಪುಟಗಳಲ್ಲಿ ಅದೇ ಕೆಲಸಕ್ಕೆ ತಿಂಗಳು ಬೇಕು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ, ಗೂಗಲ್ಲಿನ ಓಸಿಆರ್ ಎರಡಕ್ಕೂ ಕನ್ನಡ ಬರುತ್ತದೆ. ಹೊಸ ಅಚ್ಚನ್ನು ಚೆನ್ನಾಗಿಯೇ ಓದುತ್ತವೆ. ಹಳೆಯದರಲ್ಲಿ ‘ಮ’ ಮತ್ತು ‘ವು’ ಅದಲುಬದಲಾಗುತ್ತವೆ, ಸಾಲಿನ ಕೆಳಗಿನ ಒತ್ತಕ್ಷರಗಳನ್ನು ಮುಂದಿನ ಸಾಲಿನದೆಂದು ತಿಳಿಯುತ್ತವೆ, ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂರಿಸುತ್ತವೆ. ಈ ಕೊನೆಯದು ಅಪಾಯಕಾರಿ, ಯಾಕೆಂದರೆ ‘ಕಂಬ’ ಮತ್ತು ‘ಕ೦ಬ’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಕರಡು ತಿದ್ದುವವರು ಎಷ್ಟು ದಿಟ್ಟಿಸಿದರೂ ಸಿಗದು. ಅಕ್ಷರದ ಪಕ್ಕ ಬಂದ ಸೊನ್ನೆಯನ್ನೆಲ್ಲ ಒಂದೇ ಏಟಿಗೆ ಹುಡುಕಿ ಬದಲಿಸುವುದು ಮೊದಲು ಮಾಡಬೇಕಾದ ಕೆಲಸ.

ಹಳಗನ್ನಡದ ಱ, ೞ ಬಂದರೆ ಯಂತ್ರ ಪೂರಾ ಕೈಚೆಲ್ಲುತ್ತದೆ. ಅಂದಹಾಗೆ, ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ೞ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’! ಆರಂಭದಲ್ಲಿ ಆದ ತಪ್ಪು. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲವೆಂಬ ನಿಯಮದಿಂದ ಅದು ಹಾಗೇ ಉಳಿದು, ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಸೇರಿಸಿದ್ದಾರೆ.

ತಿದ್ದುವುದಕ್ಕೆ ವಿಕಿಸೋರ್ಸ್‌ನ ಪದ್ಧತಿ ಒಳ್ಳೆಯದು. ಎಡಕ್ಕೆ ಪಠ್ಯ, ಬಲಕ್ಕೆ ಪುಟದ ಚಿತ್ರ. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದ್ದು ಹಳದಿ, ಇನ್ನೊಬ್ಬರು ಪರಿಶೀಲಿಸಿದ್ದು ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಬಿಡುವುದಿಲ್ಲ. ಕನ್ನಡದಲ್ಲಿ ಹಳದಿ ಬೇಕಾದಷ್ಟು ಸಿಗುತ್ತದೆ, ಹಸಿರಿಗೆ ಬರ. ಹೊಸ ಪುಸ್ತಕ ಏರಿಸುವ ಉಮೇದು ಇನ್ನೊಬ್ಬರ ಹಳದಿಯನ್ನು ಹಸಿರು ಮಾಡುವುದರಲ್ಲಿ ಯಾರಿಗೂ ಇರುವುದಿಲ್ಲ.

ಇದಕ್ಕಿಂತ ಹೊಟ್ಟೆ ಉರಿಸುವುದು ಕಂಪ್ಯೂಟರಿನಲ್ಲೇ ಹುಟ್ಟಿದ, ಆದರೂ ಓದಲಾಗದ ಪಠ್ಯ. ಇಪ್ಪತ್ತು ವರ್ಷಗಳಿಂದ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಟೈಪಾದ ಆದೇಶ, ವರದಿ, ಪುಸ್ತಕಗಳಲ್ಲಿ ಬಹುಪಾಲು ಹಳೆಯ ಫಾಂಟಿನ ಸಂಕೇತದಲ್ಲಿವೆ. ನುಡಿಯ ಫಾಂಟು ತೆಗೆದರೆ ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ, ‘ನ’ ಇದ್ದಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಪರಿವರ್ತಕಗಳಿವೆ, ಆದರೆ ಅರ್ಕಾವತ್ತಿನಲ್ಲಿ ಮುಗ್ಗರಿಸುತ್ತವೆ. ಹಳೆಯ ಸಂಕೇತದಲ್ಲಿ ಕಣ್ಣಿಗೆ ಕಾಣುವ ಕ್ರಮ: ಅಕ್ಷರ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ‘ರ್’ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ‘ಧರ್ಮ’ ‘ಧಮರ್’ ಆಗುತ್ತದೆ, ‘ಕರ್ನಾಟಕ’ ‘ಕನಾರ್ಟಕ’ ಆಗುತ್ತದೆ. ಜಾಲದಲ್ಲಿ ‘ಕನಾರ್ಟಕ’ ಎಂದು ಹುಡುಕಿ ನೋಡಿ, ಸರ್ಕಾರದ ಎಷ್ಟು ಕಡತಗಳು ಆ ಹೆಸರಿನ ನಾಡಿನಲ್ಲಿ ವಾಸವಾಗಿವೆ ಎಂದು ತಿಳಿಯುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದ್ದೇ ಇಲ್ಲ, ಎಲ್ಲ ವೆಬ್‌ಸೈಟಿನಲ್ಲಿದೆ ಎನ್ನುವ ಇಲಾಖೆಗಳಿಗೆ ಈ ಒಂದು ಪದ ಸಾಕು.

ಸರ್ಕಾರದ ಪ್ರಕಟಣೆಗಳ ಕಾಪಿರೈಟೂ ನಮ್ಮಲ್ಲಿ ವಿಚಿತ್ರ. ಅಮೆರಿಕದಲ್ಲಿ ಕೇಂದ್ರ ಸರ್ಕಾರ ತಯಾರಿಸಿದ್ದು ಹುಟ್ಟುತ್ತಲೇ ಜನರ ಸ್ವತ್ತು. ನಮ್ಮಲ್ಲಿ 28ನೇ ಕಲಮಿನಂತೆ ಪ್ರಕಟಣೆಯಿಂದ 60 ವರ್ಷ ಸರ್ಕಾರದ್ದು. 1965ರಲ್ಲಿ ಬಂದ ಕೊಡಗು ಜಿಲ್ಲಾ ಗೆಜೆಟಿಯರ್ ತೆರಿಗೆಯ ದುಡ್ಡಿನಲ್ಲೇ ತಯಾರಾಗಿ, ತೆರಿಗೆ ಕಟ್ಟಿದವರ ಕೈಗೆ ಕಾನೂನಿನ ಪ್ರಕಾರ ಬಂದದ್ದು 2026ರ ಜನವರಿ 1ರಂದು. ಗೆಜೆಟ್ ಅಧಿಸೂಚನೆಗಳು, ನ್ಯಾಯಾಲಯದ ತೀರ್ಪುಗಳು, ವ್ಯಾಖ್ಯಾನದಂಥ ಸ್ವಂತ ಬರಹದ ಜೊತೆ ಹಾಕುವ ಕಾಯ್ದೆಗಳು, ಇಂಥ ಕೆಲವು ಇದಕ್ಕೆ ಹೊರತು. ಯಾವುದೇ ಕಾಯ್ದೆಯ ಕನ್ನಡ ಅನುವಾದವನ್ನು ಸರ್ಕಾರ ಹೊರತಂದಿಲ್ಲದಿದ್ದರೆ, ಅಥವಾ ತಂದದ್ದು ಮಾರಾಟಕ್ಕೆ ಸಿಗದಿದ್ದರೆ, ಯಾರು ಬೇಕಾದರೂ ಅನುವಾದಿಸಿ ಹಾಕಬಹುದು; ‘ಇದು ಸರ್ಕಾರ ಅಧಿಕೃತಗೊಳಿಸಿದ ಅನುವಾದವಲ್ಲ’ ಎಂದು ಎದ್ದು ಕಾಣುವಂತೆ ಬರೆಯಬೇಕು, ಅಷ್ಟೆ. ಉಳಿದದ್ದಕ್ಕೆ ಇಲಾಖೆ ಮನಸ್ಸು ಮಾಡಿದರೆ ಒಂದು ಸಾಲಿನ ಕೆಲಸ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಅಂದರೆ ಹಕ್ಕು ತನ್ನಲ್ಲೇ ಇಟ್ಟುಕೊಂಡು ಕೆಲವು ಷರತ್ತಿನ ಮೇಲೆ ಎಲ್ಲರಿಗೂ ಬಳಸಲು, ಬಿಟ್ಟುಕೊಟ್ಟಿತು. ಆ ಬರಹಗಳು ವಿಕಿಸೋರ್ಸ್‌ಗೆ ಬಂದವು. ವಿಶ್ವವಿದ್ಯಾನಿಲಯಕ್ಕೆ ಇದರಿಂದ ನಷ್ಟವಾದದ್ದು ಏನೆಂದು ಯಾರೂ ತೋರಿಸಿಲ್ಲ.

ಮನೆಯವರೂ ಹೀಗೆ ಮಾಡಬಹುದು. ಅದೇ ವರ್ಷ ನಿರಂಜನರ ವಾರಸುದಾರರು ಅವರ 55 ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತಗೊಳಿಸಿದರು. ಕಾನೂನಿನ ದಾರಿಯಲ್ಲೇ ಕಾದಿದ್ದರೆ ಅವು 2050 ದಾಟಬೇಕಿತ್ತು. ಇದಕ್ಕೆ ವಕೀಲರು ಬೇಡ, ಬೇಕಾದದ್ದು ಒಂದು ಪತ್ರ. ಪ್ರತಿ ಪುಸ್ತಕದ ಹೆಸರು, ಮೊದಲ ಮುದ್ರಣದ ವರ್ಷ ಬೇರೆ ಬೇರೆಯಾಗಿ ಬರೆಯಿರಿ. ‘ಎಲ್ಲ ಕೃತಿಗಳು’ ಎಂದರೆ ಮುಂದೆ ತಂಟೆ. ಪರವಾನಗಿಯ ಹೆಸರನ್ನು ಆವೃತ್ತಿಯ ಸಂಖ್ಯೆ ಸಮೇತ ಹೇಳಿ. ‘ವಾಣಿಜ್ಯ ಬಳಕೆಗಿಲ್ಲ’ ಎಂಬ ಬಗೆಯದನ್ನು ಆರಿಸಿದರೆ ವಿಕಿಸೋರ್ಸ್ ತೆಗೆದುಕೊಳ್ಳುವುದಿಲ್ಲ, ಊರಿನ ಸಣ್ಣ ಪ್ರಕಾಶಕರೂ ಮರುಮುದ್ರಿಸುವಂತಿಲ್ಲ. ‘ಹೆಸರು ಹೇಳಿ, ಇದೇ ಷರತ್ತಿನಲ್ಲಿ ಹಂಚಿ’ ಎಂಬುದು ಸಾಕಾಗುತ್ತದೆ. ಯಾವ ಪ್ರಕಾಶಕರ ಜೊತೆ ಚಾಲ್ತಿಯಲ್ಲಿರುವ ಕರಾರು ಇದೆ, ಎಲ್ಲಿಯವರೆಗೆ, ಅದನ್ನು ನಮೂದಿಸಿ. ಮಕ್ಕಳು ಎಷ್ಟು ಜನರಿದ್ದಾರೋ ಅಷ್ಟೂ ಸಹಿ ಬೀಳಬೇಕು, ವಿದೇಶದಲ್ಲಿರುವ ಮಗಳದೂ. ಒಂದು ಸಹಿ ಬಾಕಿಯಾಗಿ ಪತ್ರ ಮೇಜಿನ ಖಾನೆಯಲ್ಲೇ ಉಳಿಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಮಾಮೂಲಿ ಅಡಚಣೆ. ಸಹಿಯಾದ ಪತ್ರವನ್ನು ಸ್ಕ್ಯಾನು ಮಾಡಿ ಪುಸ್ತಕದ ಜೊತೆಯಲ್ಲೇ ಏರಿಸಿ. ಆ ಸ್ಕ್ಯಾನೂ 300 ಡಿಪಿಐ ಇರಲಿ.